ಬಾವಿಯ ಹಗ್ಗವೂ ವಿದ್ಯುತ್ತಿನ ಪಂಪೂ
(ಗೃಹಕೂಟಗಳಲ್ಲಿ ಓದತಕ್ಕ ಒಂದು ಪಾಠ)



ಹೊನ್ನಾವರದಿಂದ ತೆಂಕಣಕ್ಕೆ ಶರಾವತಿಯನ್ನು ದಾಟಿ, ಕಾಸರಕೋಡನ್ನು ಹಾದು, ಕಡಲಿನ ಮಗ್ಗುಲಿಂದ ಹೋಗುವವರಿಗೆ ಅಪ್ಸರಕೊಂಡವೆಂಬ ಊರು ಸಿಕ್ಕುತ್ತದೆ. ಕೊಂಡವೆಂದರೆ ನೀರಿನ ಹೊಂಡ. ಅಪ್ಸರೆಯರು ಅಲ್ಲಿ ಮೀಯುತ್ತಿದ್ದರೆಂಬದು ಜನರ ಹಳೆಯ ಮಾತು. ಗುಡ್ಡದ ಮೇಲಿಂದ ಅಬ್ಬಿಯು ಆ ಹೊಂಡಕ್ಕೆ ಬೀಳುತ್ತದೆ. ಅಲ್ಲಿಂದ ತುಸು ದೂರದಲ್ಲೇ ಸಮುದ್ರದ ಅಲೆಗಳು ಮರಳನ್ನು ಬಡಿಯುತ್ತವೆ. ಮಳೆಗಾಲದಲ್ಲಿ ಅಬ್ಬಿಯ ಸದ್ದು ಕಡಲಿನ ಸದ್ದಿನೊಡನೆ ಬೆರೆಯುವದು. ಬೇಸಗೆಯಲ್ಲಾದರೋ ಅದು ಬಂಡೆಯ ಮೇಲೆ ಇಳಿಯುವ ನೂಲಿನ ಹಾಗೆ ಸಣ್ಣದಾಗುವದು. ಸಿಹಿನೀರೂ ಉಪ್ಪುನೀರೂ ಇಷ್ಟು ಹತ್ತಿರ ನೆರೆಹೊರೆಯಾಗಿರುವ ಸ್ಥಳದಲ್ಲಿ ವಾಸಿಸುವವರು ನೀರಿನ ವಿಷಯದಲ್ಲಿ ಉಳಿದವರಿಗಿಂತ ಹೆಚ್ಚು ಎಚ್ಚರವುಳ್ಳವರಾಗಿರಬೇಕು. ನಾವು ಹಾಗಿರಲಿಲ್ಲ. ಆದಕಾರಣವೇ ಈ ಪಾಠವನ್ನು ಬರೆಯಬೇಕಾಯಿತು.

೧. ಹಗ್ಗವು ಕಲಿಸುತ್ತಿದ್ದದ್ದು

ನಮ್ಮ ಹಿತ್ತಲಿನ ಬಾವಿಯು ಚಿರೇಕಲ್ಲನ್ನು ಕಡಿದು ತೋಡಿದ್ದು. ನಾವು ಆ ಮನೆಗೆ ಬಂದಾಗ ಅದರ ಮೇಲೆ ಮರದ ರಾಟೆಯೂ ತೆಂಗಿನ ನಾರಿನ ಹಗ್ಗವೂ ಇದ್ದವು. ನಮ್ಮ ಪತ್ನಿಯು ಬೆಳಿಗ್ಗೆ ಹತ್ತು ಹನ್ನೆರಡು ಕೊಡಪಾನ, ಸಂಜೆ ಅಷ್ಟೇ ಕೊಡಪಾನ ನೀರನ್ನು ಸೇದುತ್ತಿದ್ದಳು. ಒಂದು ಕೊಡಪಾನಕ್ಕೆ ೧೨ ಲೀಟರೆಂದು ಹಿಡಿದರೆ ಐದು ಜನರ ಮನೆಗೆ ದಿನಕ್ಕೆ ಸುಮಾರು ೨೭೫ ಲೀಟರು ಆಯಿತು. ಇದು ಬಡತನದ ಅಳತೆಯೆಂದು ಯಾರೂ ತಿಳಿಯಬಾರದು. ಯಾಕಂದರೆ ೨೦೧೯ರಲ್ಲಿ ಕೇಂದ್ರ ಸರಕಾರವು ಜಲ ಜೀವನ ಮಿಷನ್ನನ್ನು ಆರಂಭಿಸಿದಾಗ ಹಳ್ಳಿಯ ಪ್ರತಿಯೊಬ್ಬರಿಗೆ ದಿನಕ್ಕೆ ೫೫ ಲೀಟರು ದೊರೆಯಬೇಕೆಂದು ಗೊತ್ತುಮಾಡಿತು. ಐದು ಜನರಿಗೆ ಅದೂ ೨೭೫ ಲೀಟರೇ. ಹೀಗೆ ಹೆಂಗಸರ ತೋಳುಗಳು ತಾವೇ ಕಂಡುಕೊಂಡಿದ್ದ ಲೆಕ್ಕವೂ ಅಧಿಕಾರಿಗಳು ಕಾಗದದ ಮೇಲೆ ಮಾಡಿದ ಲೆಕ್ಕವೂ ಒಂದಕ್ಕೊಂದು ಹೊಂದಿದವು.

ಹಗ್ಗವು ಮೂರು ಸಂಗತಿಗಳನ್ನು ಪ್ರತಿದಿನವೂ ತಿಳಿಸುತ್ತಿತ್ತು. ಮೊದಲನೆಯದು, ಎಷ್ಟು ನೀರು ತೆಗೆದೆವೆಂಬದು; ಅದನ್ನು ಭುಜಗಳು ಹೇಳುತ್ತಿದ್ದವು. ಎರಡನೆಯದು, ಬಾವಿಯಲ್ಲಿ ಎಷ್ಟು ಉಳಿದಿದೆಯೆಂಬದು. ಮಾರ್ಚ್ ತಿಂಗಳಲ್ಲಿ ಹಗ್ಗಕ್ಕೆ ಒಂದು ಮೊಳವನ್ನು ಕೂಡಿಸಬೇಕಾದರೆ ನೀರು ಒಂದು ಮೊಳ ಇಳಿದಿದೆಯೆಂದು ಮನೆಯವರೆಲ್ಲರಿಗೂ ತಿಳಿಯುತ್ತಿತ್ತು. ಮೂರನೆಯದು, ನೀರು ಹೇಗಿದೆಯೆಂಬದು. ಕೊಡಪಾನವು ಮೇಲೆ ಬಂದ ಕೂಡಲೆ ಅದರ ಬಣ್ಣವೂ ವಾಸನೆಯೂ ಕಣ್ಣು ಮೂಗುಗಳ ಮುಂದೆಯೇ ಇರುತ್ತಿದ್ದವು. ಯಾರೂ ಇದನ್ನು ಪಾಠವೆಂದು ಎಣಿಸಲಿಲ್ಲ. ಕೆಲಸವನ್ನು ಮಾಡುವದರಲ್ಲಿಯೇ ತಿಳುವಳಿಕೆಯು ಸೇರಿತ್ತು.

೨. ಪಂಪು ಬಂದದ್ದು

೨೦೧೮ರ ಜನವರಿಯಲ್ಲಿ ನಾವು ಒಂದು ಅಶ್ವಶಕ್ತಿಯ ಪಂಪನ್ನು ಕೊಂಡುಕೊಂಡೆವು. ನಮ್ಮ ಪತ್ನಿಗೆ ಬೆನ್ನುನೋವು ಬಂದದ್ದೇ ಅದಕ್ಕೆ ಕಾರಣ; ಅದು ನ್ಯಾಯವಾದ ಕಾರಣವೇ ಸರಿ. ಮನೆಯ ಮೇಲೆ ೧,೦೦೦ ಲೀಟರಿನ ಪ್ಲಾಸ್ಟಿಕ್ ಟಾಂಕಿಯನ್ನು ಇಡಿಸಿ ಅಡಿಗೆಮನೆಗೂ ಬಚ್ಚಲಿಗೂ ನಳಗಳನ್ನು ಹಾಕಿಸಿದೆವು. ಇಂಥ ಪಂಪು, ಬಾವಿಯ ಆಳಕ್ಕೂ ಟಾಂಕಿಯ ಎತ್ತರಕ್ಕೂ ತಕ್ಕಂತೆ, ಒಂದು ಗಂಟೆಯಲ್ಲಿ ಎರಡು ಮೂರು ಸಾವಿರ ಲೀಟರನ್ನು ಎತ್ತಬಲ್ಲದು. ಅಂದರೆ ಹಗ್ಗದಿಂದ ಒಂದು ವಾರದಲ್ಲಿ ಸೇದುತ್ತಿದ್ದಷ್ಟು ನೀರನ್ನು ಅದು ಒಂದು ಗಂಟೆಯಲ್ಲಿ ಮೇಲಕ್ಕೆ ತರುವದು. ಅದಕ್ಕೆ ಖರ್ಚಾಗುವ ವಿದ್ಯುತ್ತು ಸುಮಾರು ಒಂದೇ ಯೂನಿಟ್ಟು.

ಮೊದಲು ನಾವು ಸಂತೋಷಪಟ್ಟೆವು. ತರುವಾಯ ನಮಗೆ ಧೈರ್ಯ ಬಂತು. ಹಿತ್ತಲಲ್ಲಿ ನಾಲ್ಕು ಬಾಳೆಗಳಿದ್ದ ಕಡೆ ಮೂವತ್ತನ್ನು ನೆಟ್ಟೆವು. ಬಟ್ಟೆ ಒಗೆಯುವ ಯಂತ್ರವನ್ನು ತಂದೆವು. ಅಂಗಳದ ಧೂಳು ಅಡಗಲೆಂದು ಸಂಜೆ ಸಂಜೆ ಪೈಪಿನಿಂದ ನೀರು ಚಿಮುಕಿಸಿದೆವು. ಸ್ವಿಚ್ಚನ್ನು ಒತ್ತಿ ಬೇರೆ ಕೆಲಸಕ್ಕೆ ಹೋಗುವದು ನಮಗೆ ರೂಢಿಯಾಯಿತು. ಒಂದು ಸಂಜೆ ಪಂಪನ್ನು ಹಾಗೆಯೇ ಬಿಟ್ಟು ಪ್ರಾರ್ಥನಾಕೂಟಕ್ಕೆ ಹೋಗಿ ಎರಡು ತಾಸಿನ ಮೇಲೆ ತಿರುಗಿಬಂದೆವು. ನಮ್ಮೊಡನೆ ಬಂದಿದ್ದ ಅತಿಥಿಯು, ಟಾಂಕಿಯು ತುಂಬಿ ಸುರಿಯುವ ಸದ್ದನ್ನು ಕೇಳಿ, "ನಿಮ್ಮಲ್ಲಿ ಮಳೆ ಬಂತೋ?" ಎಂದು ಕೇಳಿದನು. ನಾವೆಲ್ಲರೂ ನಕ್ಕೆವು. ಈಗ ಆ ನಗೆಯನ್ನು ನೆನಸಿದರೆ ನಾಚಿಕೆಯಾಗುತ್ತದೆ.

ಹಗ್ಗವು ಹೇಳುತ್ತಿದ್ದ ಮೂರು ಸಂಗತಿಗಳಲ್ಲಿ ಒಂದನ್ನೂ ಸ್ವಿಚ್ಚು ಹೇಳುವದಿಲ್ಲ. ಎಷ್ಟು ತೆಗೆದೆವೆಂದು ಅದು ಹೇಳದು; ಎಷ್ಟು ಉಳಿದಿದೆಯೆಂದು ಹೇಳದು; ಬಾವಿಯು ಬರಿದಾಗಿ ಪಂಪು ಗಾಳಿಯನ್ನು ಎಳೆಯುವ ವರೆಗೂ ಅದು ಮೌನವಾಗಿರುವದು. ವಿದ್ಯುತ್ತಿನ ಬಿಲ್ಲು ಮಾತ್ರ ತಿಂಗಳಿಗೊಮ್ಮೆ ಏನೋ ಒಂದು ಅಳತೆಯನ್ನು ತೋರಿಸುತ್ತಿತ್ತು. ೨೦೨೩ರಿಂದ ನಮ್ಮ ರಾಜ್ಯದ ಗೃಹಜ್ಯೋತಿ ಯೋಜನೆಯ ಪ್ರಕಾರ, ತಿಂಗಳಿಗೆ ೨೦೦ ಯೂನಿಟ್ಟಿನ ಮೇರೆಯೊಳಗೆ ತಮ್ಮ ಹಿಂದಿನ ಬಳಕೆಗೆ ತಕ್ಕಷ್ಟು ಖರ್ಚುಮಾಡುವ ಮನೆಗಳು ಹಣವನ್ನು ಕೊಡಬೇಕಾಗಿಲ್ಲ. ಇದು ಬಡವರಿಗೆ ದೊಡ್ಡ ಸಹಾಯವೆಂಬದರಲ್ಲಿ ಸಂದೇಹವಿಲ್ಲ. ಆದರೆ ಆ ಬಿಲ್ಲಿನಲ್ಲಿ ಸೊನ್ನೆಯನ್ನು ಕಂಡವನು ತಾನು ಏನನ್ನೂ ಖರ್ಚುಮಾಡಲಿಲ್ಲವೆಂದು ತಿಳಿಯುವದು ಸುಲಭ. ನಮ್ಮ ಪಂಪನ್ನು ತಿರುಗಿಸುವ ಶಕ್ತಿಯಲ್ಲಿ ಒಂದು ಪಾಲು ಶರಾವತಿಯ ನೀರಿನಿಂದಲೇ ಹುಟ್ಟಿದ್ದು. ಲಿಂಗನಮಕ್ಕಿಯ ಅಣೆಕಟ್ಟು ೧೯೬೪ರಲ್ಲಿ ಮುಗಿದಾಗ ಅದರ ಹಿಂದೆ ಎಷ್ಟೋ ಹಳ್ಳಿಗಳೂ ಗದ್ದೆಗಳೂ ಮುಳುಗಿದವು, ಆ ಮನೆಗಳವರು ಊರು ಬಿಟ್ಟು ಹೋದರು. ಬೆಲೆಯಿಲ್ಲದೆ ಬಂದದ್ದಕ್ಕೂ ಎಲ್ಲೋ ಯಾರೋ ಬೆಲೆ ತೆತ್ತಿದ್ದಾರೆ.

೩. ನೆರೆಯವಳ ಬಾವಿ

ನಮ್ಮ ಮನೆಯು ಗುಡ್ಡದ ಇಳಿಜಾರಿನಲ್ಲಿ ಉಂಟು. ನಮ್ಮಿಂದ ಕೆಳಗೆ, ಕಡಲಿನ ಕಡೆಗೆ, ಒಬ್ಬ ಅಜ್ಜಿಯ ಮನೆ. ಆಕೆ ನಮ್ಮ ಸಭೆಯವಳಲ್ಲ. ಆದರೂ ಬಸಳೆಯನ್ನು ಕೊಯ್ದರೆ ನಮಗೊಂದು ಕಟ್ಟನ್ನು ಕಳುಹಿಸದೆ ಇದ್ದದ್ದಿಲ್ಲ. ಆಕೆಯ ಬಾವಿಯು ನಮ್ಮದಕ್ಕಿಂತ ಹಳೆಯದು. ಆಕೆಯ ಮಾವನು ತೋಡಿಸಿದ್ದು. ಆಕೆಯು ಇನ್ನೂ ಹಗ್ಗದಿಂದಲೇ ನೀರು ಸೇದುತ್ತಿದ್ದಳು.

೨೦೧೯ರಲ್ಲಿ ಮುಂಗಾರು ತಡವಾಯಿತು. ವಾಡಿಕೆಯ ಪ್ರಕಾರ ಜೂನ್ ೧ರ ಸುಮಾರಿಗೆ ಕೇರಳವನ್ನು ಮುಟ್ಟಬೇಕಾದ ಮಳೆಯು ಆ ವರುಷ ಜೂನ್ ೮ರಂದು ಮುಟ್ಟಿತು. ನಮ್ಮ ಕರಾವಳಿಗೆ ಬರುವದು ಇನ್ನೂ ತಡವಾಯಿತು. ಅದಕ್ಕಿಂತ ಮುಂಚೆ, ಮೇ ತಿಂಗಳ ಕಡೆಯಲ್ಲಿ, ಅಜ್ಜಿಯು ಒಂದು ತಂಬಿಗೆಯನ್ನು ಹಿಡಿದುಕೊಂಡು ನಮ್ಮ ಅಂಗಳಕ್ಕೆ ಬಂದಳು. ನಾವು ಆಕೆಯನ್ನು ಕೂಡ್ರಿಸಿ ಕ್ಷೇಮಸಮಾಚಾರವನ್ನು ಕೇಳಲಾರಂಭಿಸಿದೆವು. ಆಕೆಯು, "ಉಪದೇಶಿಗಳೇ, ಮಾತು ಆಮೇಲಾಗಲಿ, ಮೊದಲು ಇದನ್ನು ಬಾಯಿಗೆ ಹಾಕಿ ನೋಡಿ" ಅಂದಳು. ನೀರು ಉಪ್ಪಾಗಿತ್ತು. ಉಗುಳುವಷ್ಟು ಉಪ್ಪಲ್ಲ, ಆದರೆ ನುಂಗುವ ಮುಂಚೆ ನಾಲಗೆಯು ತಡೆಯುವಷ್ಟು.

ಆಕೆಯು ಹೇಳಿದ್ದೇನಂದರೆ: ಬೇಳೆ ಬೇಯುತ್ತಿಲ್ಲ, ಸಾಬೂನು ನೊರೆ ಬರುತ್ತಿಲ್ಲ, ಬಸಳೆಯ ಎಲೆಗಳ ಅಂಚು ಸುಟ್ಟಂತೆ ಕರಕಾಗಿದೆ, ಕರುವು ಮುಸುರೆಯ ಬಾನಿಗೆ ಬಾಯಿ ಹಾಕಿ ತೆಗೆದುಬಿಡುತ್ತದೆ. ಮದುವೆಯಾಗಿ ಆ ಮನೆಗೆ ಬಂದಂದಿನಿಂದ ಬಾವಿಯು ಹೀಗಾದದ್ದಿಲ್ಲ. "ನಿಮ್ಮ ಬಾವಿಯೂ ಹೀಗಾಗಿದೆಯೋ ಎಂದು ಕೇಳಲಿಕ್ಕೆ ಬಂದೆನು" ಅಂದಳು.

ನಮ್ಮ ಬಾವಿಯು ಹಾಗಾಗಿರಲಿಲ್ಲ. ನಮ್ಮ ನಳದ ನೀರು ಸಿಹಿಯಾಗಿಯೇ ಇತ್ತು. ನಾವು ಆಗ ಮಳೆಯು ತಡವಾದದ್ದನ್ನೂ, ಕಡಲಿನ ಭರತವನ್ನೂ, ಮೇಲುಗಡೆಯ ಇತರ ಮನೆಗಳವರ ಪಂಪುಗಳನ್ನೂ ಕಾರಣವೆಂದು ಹೇಳಿದೆವು. ಅವೆಲ್ಲವೂ ಸ್ವಲ್ಪ ಸ್ವಲ್ಪ ನಿಜವಾಗಿದ್ದವು. ಆದರೆ ಅಜ್ಜಿಯು ತಂಬಿಗೆಯನ್ನು ನಮ್ಮ ಜಗಲಿಯ ಮೇಲೆ ಬಿಟ್ಟು ಹೋದಳು. ಆ ರಾತ್ರಿ ಟಾಂಕಿಯು ತುಂಬಿ ಸುರಿಯುವ ಸದ್ದು ನಮ್ಮ ಕಿವಿಗೆ ಬೇರೆಯಾಗಿ ಕೇಳಿಸಿತು.

೪. ನೆಲದೊಳಗೆ ನಡೆಯುವದು

ಮೇಲಿನ ಬಾವಿಯಲ್ಲಿ ಪಂಪನ್ನು ಹಾಕಿದರೆ ಕೆಳಗಿನ ಬಾವಿಗೆ ಉಪ್ಪು ಬರುವದು ಹೇಗೆ? ಇದನ್ನು ಸ್ಪಷ್ಟವಾಗಿ ತಿಳಿಯುವದು ಅವಶ್ಯ.

ನಮ್ಮ ಕರಾವಳಿಯಲ್ಲಿ ವರುಷಕ್ಕೆ ೩,೦೦೦ ಮಿಲಿಮೀಟರಿಗಿಂತ ಹೆಚ್ಚು ಮಳೆ ಸುರಿಯುತ್ತದೆ. ಅದರ ಬಹುಪಾಲು ಜೂನ್ ಮೊದಲ್ಗೊಂಡು ಸೆಪ್ಟೆಂಬರ್ ವರೆಗೆ. ಚಿರೇಕಲ್ಲಿನ ಗುಡ್ಡವು ತೂತುಗಳುಳ್ಳದ್ದಾದದರಿಂದ ಆ ನೀರಿನಲ್ಲಿ ಒಂದು ಪಾಲನ್ನು ಕುಡಿದುಕೊಂಡು ಮೆಲ್ಲಮೆಲ್ಲನೆ ಕಡಲಿನ ಕಡೆಗೆ ಇಳಿಸುತ್ತದೆ. ಅಬ್ಬಿಯು ಮಳೆ ನಿಂತ ಮೇಲೆಯೂ ತಿಂಗಳುಗಟ್ಟಲೆ ಹರಿಯುವದು ಇದರಿಂದಲೇ. ಬಾವಿಗಳು ತುಂಬಿರುವದೂ ಇದರಿಂದಲೇ. ಕಡಲಿನ ಹತ್ತಿರ ಈ ಸಿಹಿನೀರು ನೆಲದೊಳಗೆ ಉಪ್ಪುನೀರನ್ನು ಸಂಧಿಸುವದು. ಒಂದು ಲೀಟರು ಸಿಹಿನೀರು ೧,೦೦೦ ಗ್ರಾಂ ತೂಗಿದರೆ ಸಮುದ್ರದ ನೀರು ಸುಮಾರು ೧,೦೨೫ ಗ್ರಾಂ ತೂಗುವದು. ಆದದರಿಂದ ಹಗುರವಾದ ಸಿಹಿನೀರು ಭಾರವಾದ ಉಪ್ಪುನೀರಿನ ಮೇಲೆ ತೇಲಿ ನಿಂತು, ತನ್ನ ಒತ್ತಡದಿಂದ ಅದನ್ನು ಹಿಂದಕ್ಕೆ ತಳ್ಳಿಹಿಡಿಯುತ್ತದೆ.

ಇದರ ಲೆಕ್ಕವನ್ನು ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಹಾಲೆಂಡಿನ ಬಾಡೋನ್ ಘೈಬೆನ್ ಎಂಬವರೂ, ೧೯೦೧ರಲ್ಲಿ ಜರ್ಮನಿಯ ಹೆರ್ಜ್‌ಬೆರ್ಗ್ ಎಂಬವರೂ ಬೇರೆ ಬೇರೆಯಾಗಿ ಕಂಡುಹಿಡಿದರು. ಬಾವಿಯ ನೀರಿನ ಮಟ್ಟವು ಸಮುದ್ರದ ಮಟ್ಟಕ್ಕಿಂತ ಒಂದು ಅಡಿ ಮೇಲಿದ್ದರೆ, ಅದರ ಕೆಳಗೆ ಸುಮಾರು ೪೦ ಅಡಿ ಸಿಹಿನೀರು ನಿಂತಿರುವದು. ಮೂರು ಅಡಿ ಮೇಲಿದ್ದರೆ ೧೨೦ ಅಡಿ. ಇದರ ಮತ್ತೊಂದು ಅರ್ಥವನ್ನು ಗಮನಿಸಿರಿ: ನಾವು ನೀರಿನ ಮಟ್ಟವನ್ನು ಒಂದು ಅಡಿ ಇಳಿಸಿ ಅದು ಹಾಗೆಯೇ ನಿಂತರೆ, ಕೆಳಗಿನ ಉಪ್ಪುನೀರು ಕಾಲಕ್ರಮೇಣ ೪೦ ಅಡಿ ಏರಲು ಎಡೆಯಾಗುವದು. ಈ ಲೆಕ್ಕವು ಮರಳುನೆಲಕ್ಕೆ ಚೆನ್ನಾಗಿ ಹೊಂದುತ್ತದೆ. ಕೆಳಗೆ ಗಟ್ಟಿಬಂಡೆಯಿರುವ ಕಡೆ ಉಪ್ಪುನೀರು ಬಿರುಕುಗಳನ್ನು ಹಿಡಿದು ಬರುವದರಿಂದ ಲೆಕ್ಕವು ಸ್ಥಳಸ್ಥಳಕ್ಕೆ ಬೇರೆಯಾಗುವದು. ಆದರೂ ತತ್ವವು ಒಂದೇ. ಸಿಹಿನೀರಿನ ಒತ್ತಡವು ಕಡಿಮೆಯಾದಲ್ಲಿ ಕಡಲು ಒಳಗೆ ಬರುವದು.

ಹೀಗಿರಲಾಗಿ ಇಳಿಜಾರಿನಲ್ಲಿ ಕೆಳಗಿಳಿಯಬೇಕಾದ ನೀರನ್ನು ನಾವು ಮೇಲೆಯೇ ಹಿಡಿದು ಬಾಳೆಗೂ ಅಂಗಳದ ಧೂಳಿಗೂ ಹಾಕಿದೆವು. ಅಜ್ಜಿಯ ಬಾವಿಗೆ ಬರಬೇಕಾದ ಸಿಹಿನೀರು ಬರಲಿಲ್ಲ. ಆ ಎಡೆಗೆ ಉಪ್ಪು ಬಂತು. ಹೆಚ್ಚು ಬೇಕಾಗಿಲ್ಲ. ಸಮುದ್ರದ ಒಂದು ಲೀಟರು ನೀರಿನಲ್ಲಿ ೩೫ ಗ್ರಾಂನಷ್ಟು ಲವಣಗಳು ಉಂಟು. ಅದರಲ್ಲಿ ಕ್ಲೋರೈಡೇ ಸುಮಾರು ೧೯ ಗ್ರಾಂ. ೯೮ ಲೋಟ ಸಿಹಿನೀರಿಗೆ ೨ ಲೋಟ ಕಡಲನೀರು ಬೆರೆತರೆ ಲೀಟರಿಗೆ ೩೮೦ ಮಿಲಿಗ್ರಾಂ ಕ್ಲೋರೈಡು ಆಗುವದು. ಕುಡಿಯುವ ನೀರಿಗಾಗಿ ೨೦೧೨ರಲ್ಲಿ ಪ್ರಕಟವಾದ ಭಾರತೀಯ ಮಾನಕವು ೨೫೦ ಮಿಲಿಗ್ರಾಂ ಸಾಕೆಂದೂ, ಬೇರೆ ನೀರೇ ಸಿಕ್ಕದಿದ್ದಲ್ಲಿ ೧,೦೦೦ದ ವರೆಗೆ ಸಹಿಸಬಹುದೆಂದೂ ಹೇಳುತ್ತದೆ. ನೂರರಲ್ಲಿ ಎರಡು ಪಾಲು ಕಡಲು ಸೇರಿದರೆ ಸಾಕು, ಬಾವಿಯು ಕೆಟ್ಟಿತು.

ಇದರಲ್ಲಿ ನಮ್ಮನ್ನು ಹೆಚ್ಚು ನೋಯಿಸಿದ ಸಂಗತಿಯು ಇದೇ: ನೀರನ್ನು ಹೆಚ್ಚಾಗಿ ತೆಗೆದವನ ನಾಲಗೆಗೆ ಉಪ್ಪು ತಾಗುವದಿಲ್ಲ. ತಪ್ಪು ಮೇಲೆ ನಡೆಯಿತು, ಅದರ ರುಚಿ ಕೆಳಗೆ ಕಂಡಿತು. ನಮ್ಮ ನೀರು ಸಿಹಿಯಾಗಿರುವದೇ ನಾವು ನಿರಪರಾಧಿಗಳೆಂಬದಕ್ಕೆ ಸಾಕ್ಷಿಯೆಂದು ನಾವು ತಿಳಿದಿದ್ದೆವು. ಇಸಾಕನ ದಿನಗಳಲ್ಲಿ ಕುರುಬರು ಬಾವಿಗಳಿಗಾಗಿ ಜಗಳವಾಡಿದ್ದನ್ನು ನಾವು ಎಷ್ಟೋ ಸಾರಿ ಸಭೆಯಲ್ಲಿ ಬೋಧಿಸಿದ್ದೇವೆ. ಆತನು ಎರಡು ಬಾವಿಗಳನ್ನು ಬಿಟ್ಟುಕೊಟ್ಟು ಮೂರನೆಯದನ್ನು ತೋಡಿ, ಅದಕ್ಕೆ ವಿಶಾಲಸ್ಥಳವೆಂಬ ಅರ್ಥವುಳ್ಳ ಹೆಸರನ್ನಿಟ್ಟನು. ನಮ್ಮ ಅಜ್ಜಿಯು ಜಗಳವಾಡಲಿಲ್ಲ, ಮತ್ತೊಂದು ಬಾವಿಯನ್ನು ತೋಡಲು ಆಕೆಗೆ ಸ್ಥಳವೂ ಇರಲಿಲ್ಲ.

೫. ಒಂದು ಕ್ರಯದಿಂದ ಮತ್ತೊಂದು ಕ್ರಯ

ನಮಗೆ ಮೊದಲು ಹೊಳೆದ ಪರಿಹಾರವು ಅಂಗಡಿಯದೇ ಆಗಿತ್ತು. ಆರ್.ಓ. ಎಂಬ ನೀರು ಶುದ್ಧಿಮಾಡುವ ಯಂತ್ರವನ್ನು ಅಜ್ಜಿಗೆ ಕೊಡಿಸೋಣವೆಂದು ಹೊರಟೆವು. ಆಕೆಯು ನಮ್ಮ ಮಾತನ್ನು ಪೂರಾ ಕೇಳಿ, "ನನ್ನೊಬ್ಬಳ ಕುಡಿಯುವ ನೀರಿಗೆ ಅದು ಸಾಕು. ನನ್ನ ಬಸಳೆಗೂ ಕರುವಿಗೂ ಅದು ನೀರು ಕೊಡುತ್ತದೆಯೋ?" ಎಂದು ಕೇಳಿದಳು. ನಮಗೆ ಉತ್ತರವಿರಲಿಲ್ಲ.

ಆ ಯಂತ್ರವು ಕೆಟ್ಟದ್ದೆಂದು ನಾವು ಹೇಳುವದಿಲ್ಲ. ಬೇರೆ ದಾರಿಯಿಲ್ಲದವರಿಗೆ ಅದು ಉಪಕಾರವೇ. ಆದರೆ ಮನೆಗಳಲ್ಲಿರುವ ಅನೇಕ ಯಂತ್ರಗಳು ಒಂದು ಲೀಟರು ನೀರನ್ನು ಶುದ್ಧಿಮಾಡುವಾಗ ಎರಡು ಮೂರು ಲೀಟರನ್ನು ಹೊರಗೆ ಚೆಲ್ಲುವವು. ಅಂದರೆ ನೀರು ಕಡಿಮೆಯಾದದರಿಂದ ಕೆಟ್ಟ ಬಾವಿಯಿಂದ ಇನ್ನೂ ಹೆಚ್ಚು ನೀರನ್ನು ಎತ್ತಬೇಕಾಗುವದು. ಈ ಕಾರಣದಿಂದಲೇ ೨೦೧೯ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಪೀಠವು, ಲೀಟರಿಗೆ ೫೦೦ ಮಿಲಿಗ್ರಾಂಗಿಂತ ಕಡಿಮೆ ಲವಣಗಳು ಕರಗಿರುವ ನೀರು ದೊರೆಯುವ ಸ್ಥಳಗಳಲ್ಲಿ ಇಂಥ ಯಂತ್ರಗಳನ್ನು ನಿಷೇಧಿಸಬೇಕೆಂದು ಸೂಚಿಸಿತು. ಒಳ್ಳೇ ನೀರಿರುವ ಮನೆಯವರು ನೆಂಟರ ಮನೆಯಲ್ಲಿ ಕಂಡರೆಂದು ತಾವೂ ಅದನ್ನು ಗೋಡೆಗೆ ತಗಲಿಸುವದು ಹಣಕ್ಕೂ ನೀರಿಗೂ ನಷ್ಟ.

ಕೊಂಡುಕೊಳ್ಳುವದರ ಸ್ವಭಾವವನ್ನು ಇಲ್ಲಿ ವಿಚಾರಿಸಬೇಕು. ಪಂಪು ಬಂದದರಿಂದ ಟಾಂಕಿ ಬಂತು, ಟಾಂಕಿಯಿಂದ ನಳ, ನಳದಿಂದ ಬಟ್ಟೆ ಒಗೆಯುವ ಯಂತ್ರ, ಇವೆಲ್ಲವುಗಳಿಂದ ಬಾವಿಯು ಕೆಟ್ಟರೆ ಶುದ್ಧಿಮಾಡುವ ಯಂತ್ರ, ಅದು ನಿಂತ ದಿನ ೨೦ ಲೀಟರಿನ ಡಬ್ಬಿಯಲ್ಲಿ ಮಾರುವ ನೀರು. ಪ್ರತಿಯೊಂದು ಕ್ರಯವೂ ಮುಂದಿನ ಕ್ರಯಕ್ಕೆ ಬಾಗಿಲು ತೆರೆಯಿತು. ಬಿಟ್ಟಿಯಾಗಿ ಬಾವಿಯಲ್ಲಿದ್ದ ನೀರು ಕಡೆಗೆ ಡಬ್ಬಿಯಲ್ಲಿ ದುಡ್ಡಿಗೆ ಬಂತು. ಆದದರಿಂದ ಒಂದು ವಸ್ತುವನ್ನು ಕೊಳ್ಳುವ ಮುಂಚೆ ಅದರ ಬೆಲೆಯನ್ನು ಮಾತ್ರವಲ್ಲ, ಅದು ಮುಂದೆ ಏನನ್ನು ಕೊಳ್ಳಿಸುವದೆಂಬದನ್ನೂ ಎಣಿಸಿ ನೋಡತಕ್ಕದ್ದು.

೬. ಹಾಗಾದರೆ ಹಗ್ಗಕ್ಕೆ ತಿರುಗಬೇಕೋ?

ಕೆಲವರು, "ಪೂರ್ವಕಾಲವೇ ಒಳ್ಳೇದು, ಪಂಪನ್ನು ಮಾರಿಬಿಡಿರಿ" ಅನ್ನಬಹುದು. ನಾವೂ ಮನಸ್ಸು ನೊಂದ ಆ ದಿನಗಳಲ್ಲಿ ಹಾಗೆಯೇ ಹೇಳಿದೆವು. ಆಗ ನಮ್ಮ ಪತ್ನಿಯು, "ಹಗ್ಗವನ್ನು ಹೊಗಳುವವರೆಲ್ಲ ಹಗ್ಗವನ್ನು ಎಳೆಯದವರೇ. ನಾಳೆಯಿಂದ ನೀವು ಸೇದುವದಾದರೆ ಪಂಪನ್ನು ಮಾರೋಣ" ಅಂದಳು. ನಾವು ಮೂರು ದಿನ ಸೇದಿದೆವು. ನಾಲ್ಕನೆಯ ದಿನ ಆ ಮಾತನ್ನು ಹಿಂದಕ್ಕೆ ತೆಗೆದುಕೊಂಡೆವು.

ಇದು ಸಣ್ಣ ವಿಷಯವಲ್ಲ. ನೀರನ್ನು ಸೇದುವ ಹೊರೆಯು ನಮ್ಮ ಊರುಗಳಲ್ಲಿ ಯಾವಾಗಲೂ ಹೆಂಗಸರ ಮೇಲೆಯೂ ಹುಡುಗಿಯರ ಮೇಲೆಯೂ ಬಿದ್ದಿತ್ತು. ಶಾಲೆಗೆ ಹೋಗಬೇಕಾದ ಎಷ್ಟೋ ಹುಡುಗಿಯರು ಬಾವಿಯ ಕಟ್ಟೆಯ ಹತ್ತಿರವೇ ಬೆಳಿಗ್ಗೆಯನ್ನು ಕಳೆದರು. ಆ ಹೊರೆಯನ್ನು ಇಳಿಸಿದ ಪಂಪನ್ನು ನಿಂದಿಸುವದು ಅನ್ಯಾಯ. ಪಂಪು ಬೆನ್ನುನೋವನ್ನು ತೆಗೆದುಹಾಕಿತು. ಅದರೊಡನೆ ಅಳತೆಯನ್ನೂ ತೆಗೆದುಹಾಕಿತು. ಮೊದಲನೆಯದು ಹೋದದ್ದು ಒಳ್ಳೇದು. ಎರಡನೆಯದನ್ನು ನಾವೇ ಬುದ್ಧಿಪೂರ್ವಕವಾಗಿ ತಿರುಗಿ ಇಡಬೇಕು. ಯಂತ್ರವು ನಮ್ಮ ದೇಹದ ಶ್ರಮವನ್ನು ಹೊರಬಹುದು. ಎಷ್ಟು ಸಾಕೆಂಬ ವಿಚಾರವನ್ನು ಅದು ನಮಗಾಗಿ ಹೊರಲಾರದು. ಈ ಪಾಠದಲ್ಲಿ ನೆನಪಿನಲ್ಲಿಡತಕ್ಕ ಮಾತು ಇದೊಂದೇ.

ಉಪ್ಪಿನೊಡನೆ ಬಾಳುವದನ್ನು ನಮ್ಮ ನೆರೆಯವರಿಂದಲೂ ಕಲಿಯಬಹುದು. ಕುಮಟಾ ತಾಲೂಕಿನಲ್ಲಿ ಅಘನಾಶಿನಿಯು ಕಡಲನ್ನು ಸೇರುವ ಕಡೆ, ಮಾಣಿಕಟ್ಟಾ ಮುಂತಾದ ಊರುಗಳಲ್ಲಿ, ಗಜನಿಯೆಂಬ ತಗ್ಗುಗದ್ದೆಗಳುಂಟು. ಅಲ್ಲಿ ಉಪ್ಪುನೀರನ್ನೂ ನೆರೆಯನ್ನೂ ತಾಳುವ ಕಗ್ಗವೆಂಬ ಭತ್ತವನ್ನು ಬೆಳೆಯುತ್ತಾರೆ. ಆ ಗದ್ದೆಗಳ ಕಟ್ಟೆಯನ್ನು ಒಬ್ಬನೇ ಕಾಯಲಾರನು. ಒಬ್ಬನ ಪಾಲಿನ ಕಟ್ಟೆಯು ಒಡೆದರೆ ಕಡಲು ಎಲ್ಲರ ಗದ್ದೆಗೂ ನುಗ್ಗುವದು. ಬಾವಿಗಳ ವಿಷಯವೂ ಹಾಗೆಯೇ. ಗಜನಿಯ ಕಟ್ಟೆಯು ಕಣ್ಣಿಗೆ ಕಾಣುತ್ತದೆ, ಇದು ಕಾಣುವದಿಲ್ಲವೆಂಬದೇ ವ್ಯತ್ಯಾಸ. ಹಿತ್ತಲಿಗೆ ಬೇಲಿಯುಂಟು, ನೆಲದೊಳಗಿನ ನೀರಿಗೆ ಬೇಲಿಯಿಲ್ಲ.

೭. ನಾವು ಮಾಡಿದ ಕೆಲಸಗಳು

ಇವುಗಳನ್ನು ಹೊಗಳಿಕೆಗಾಗಿ ಅಲ್ಲ, ಬೇರೆಯವರಿಗೆ ಪ್ರಯೋಜನವಾಗಲೆಂದು ಬರೆಯುತ್ತೇವೆ.

ಮೊದಲನೆಯದಾಗಿ, ಪಂಪಿಗೆ ಹೊತ್ತನ್ನು ನೇಮಿಸಿದೆವು. ದಿನಕ್ಕೊಮ್ಮೆ, ಮನೆಯವರೊಬ್ಬರು ಹತ್ತಿರ ನಿಂತಿರುವಾಗ ಮಾತ್ರ, ಟಾಂಕಿಯ ಅರ್ಧದಷ್ಟು. ಬಾಳೆಗಳಲ್ಲಿ ಎಂಟನ್ನು ಉಳಿಸಿಕೊಂಡೆವು. ಅವುಗಳಿಗೆ ಬಚ್ಚಲಿನ ನೀರನ್ನು ತಿರುಗಿಸಿದೆವು. ತೆಂಗಿನ ಬುಡಕ್ಕೆ ದರಕನ್ನು, ಅಂದರೆ ಒಣಗಿದ ತರಗೆಲೆಗಳನ್ನು, ದಪ್ಪವಾಗಿ ಹೊದಿಸಿದೆವು. ಪೂರ್ವದಲ್ಲಿ ಗುಡಿಸಿ ಸುಡುತ್ತಿದ್ದ ಆ ಎಲೆಗಳೇ ಈಗ ನೆಲದ ತೇವವನ್ನು ಕಾಯುತ್ತವೆ. ಅವುಗಳನ್ನು ಕೆದಕಿದರೆ ಎರೆಹುಳುಗಳು ಕಾಣುತ್ತವೆ, ಅವುಗಳನ್ನು ಹುಡುಕಿಕೊಂಡು ಹಕ್ಕಿಗಳು ಬರುತ್ತವೆ.

ಎರಡನೆಯದಾಗಿ, ಮಳೆಯ ನೀರನ್ನು ನೆಲಕ್ಕೆ ತಿರುಗಿ ಕೊಡಲಾರಂಭಿಸಿದೆವು. ಇದರ ಲೆಕ್ಕವು ಮಕ್ಕಳಿಗೂ ತಿಳಿಯುವಂಥಾದ್ದು: ಒಂದು ಚದರ ಮೀಟರಿನ ಮೇಲೆ ಒಂದು ಮಿಲಿಮೀಟರು ಮಳೆ ಬಿದ್ದರೆ ಒಂದು ಲೀಟರು. ನೂರು ಚದರ ಮೀಟರಿನ ಮಾಡಿನ ಮೇಲೆ ೩,೦೦೦ ಮಿಲಿಮೀಟರು ಸುರಿದರೆ ೩,೦೦,೦೦೦ ಲೀಟರು. ದಿನಕ್ಕೆ ೨೭೫ ಲೀಟರು ಬೇಕಾಗುವ ಮನೆಗೆ ವರುಷಕ್ಕೆ ಬೇಕಾಗುವದು ಒಂದು ಲಕ್ಷ ಲೀಟರಿಗೆ ಸ್ವಲ್ಪ ಮಾತ್ರ ಹೆಚ್ಚು. ನಾವು ಮಾಡಿನ ಅಂಚಿಗೆ ದೋಣಿಯನ್ನು ಕಟ್ಟಿ, ಆ ನೀರನ್ನು ಬಾವಿಗೆ ನೇರವಾಗಿ ಬಿಡದೆ, ಬಾವಿಯಿಂದ ತುಸು ಮೇಲುಗಡೆ ತೋಡಿದ ಇಂಗುಗುಂಡಿಗೆ ಬಿಟ್ಟೆವು. ಗುಂಡಿಯಲ್ಲಿ ದಪ್ಪ ಕಲ್ಲು, ಸಣ್ಣ ಜಲ್ಲಿ, ಮರಳು ಎಂಬ ಕ್ರಮದಿಂದ ತುಂಬಿದೆವು. ಮೊದಲ ಒಂದೆರಡು ಮಳೆಗಳ ನೀರು ಮಾಡಿನ ಕೊಳೆಯನ್ನು ಹೊತ್ತು ಬರುವದರಿಂದ ಅದನ್ನು ಹೊರಗೆ ಬಿಡತಕ್ಕದ್ದು. ಗುಂಡಿಯು ಶೌಚದ ಹೊಂಡಕ್ಕೆ ದೂರವಾಗಿರಬೇಕೆಂಬದನ್ನು ಮರೆಯಬಾರದು. ಗುಂಡಿಯಲ್ಲಿ ಇಂಗಿದ್ದೆಲ್ಲವೂ ನಮ್ಮ ಬಾವಿಯಲ್ಲಿ ನಿಲ್ಲುವದಿಲ್ಲ. ಅದರಲ್ಲಿ ಒಂದು ಪಾಲು ಕೆಳಗೆ ಇಳಿದುಹೋಗುವದು. ಅದು ಅಜ್ಜಿಗೆ ನಾವು ತೀರಿಸಬೇಕಾದ ಸಾಲವೆಂದು ಎಣಿಸಿಕೊಂಡೆವು.

ಮೂರನೆಯದಾಗಿ, ಇಳಿಜಾರಿನ ಮನೆಗಳವರನ್ನು ಕೂಡಿಸಿ ಮಾತಾಡಿದೆವು. ಇದು ಎಲ್ಲಕ್ಕಿಂತ ಕಷ್ಟವಾಗಿತ್ತು. ಯಾಕಂದರೆ ಮೊದಲು ನಮ್ಮ ತಪ್ಪನ್ನು ನಾವೇ ಎಲ್ಲರ ಮುಂದೆ ಹೇಳಬೇಕಾಯಿತು. ಪಂಪುಳ್ಳ ಮನೆಗಳಲ್ಲಿ ಮೂರು ಮನೆಯವರು ಒಪ್ಪಿದರು, ಇಬ್ಬರು ಒಪ್ಪಲಿಲ್ಲ. ಒಪ್ಪದವರೊಡನೆ ನಾವು ಜಗಳವಾಡಲಿಲ್ಲ. ಅವರಲ್ಲಿ ಒಬ್ಬರು ಮುಂದಿನ ವರುಷ ತಾವೇ ಇಂಗುಗುಂಡಿಯನ್ನು ತೋಡಿಸಿದರು.

ನಾಲ್ಕನೆಯದಾಗಿ, ಬಾವಿಯ ಹಳೇ ಹಗ್ಗವನ್ನು ತಿರುಗಿ ತಂದೆವು. ಅದರ ತುದಿಗೆ ಒಂದು ಕಲ್ಲನ್ನು ಕಟ್ಟಿ ಅಡಿಗೊಂದು ಗಂಟು ಹಾಕಿದೆವು. ಪ್ರತಿ ಶನಿವಾರ ಬೆಳಿಗ್ಗೆ, ಪಂಪನ್ನು ಹಾಕುವ ಮುಂಚೆ, ನಮ್ಮ ಕಿರಿಯ ಮಗಳು ಅದನ್ನು ಬಾವಿಗೆ ಇಳಿಸಿ, ನೀರು ಎಷ್ಟನೆಯ ಗಂಟಿನ ಕೆಳಗೆ ಉಂಟೆಂದು ನೋಡಿ ಗೋಡೆಯ ಮೇಲೆ ಇದ್ದಲಿನಿಂದ ಬರೆಯುತ್ತಾಳೆ. ನೀರು ಮಾರ್ಚ್ ತಿಂಗಳ ಗುರುತಿಗಿಂತ ಕೆಳಗೆ ಹೋದರೆ ಆ ವಾರ ಬಾಳೆಗೆ ನೀರಿಲ್ಲ, ಯಂತ್ರದಲ್ಲಿ ಬಟ್ಟೆಯಿಲ್ಲ. ಈ ನಿಯಮವನ್ನು ಆಕೆಯೇ ಜಾರಿಗೆ ತರುತ್ತಾಳೆ, ನಮಗೂ ವಿನಾಯಿತಿಯಿಲ್ಲ.

ಫಲವೇನಾಯಿತೆಂದು ಕೇಳುವಿರಿ. ಅಜ್ಜಿಯ ಬಾವಿಯು ಒಂದೇ ಮಳೆಗಾಲದಲ್ಲಿ ಸರಿಯಾಗಲಿಲ್ಲ. ನೆಲದೊಳಗೆ ಸೇರಿದ ಉಪ್ಪು ಬೇಗ ಹೊರಡುವಂಥಾದ್ದಲ್ಲ. ಎರಡನೆಯ ಬೇಸಗೆಯಲ್ಲಿಯೂ ಮೇ ತಿಂಗಳಲ್ಲಿ ಆಕೆಯು ನಮ್ಮ ನಳದಿಂದ ಕುಡಿಯುವ ನೀರನ್ನು ಒಯ್ದಳು. ನಾವು ಕೊಡಪಾನವನ್ನು ಆಕೆಯ ಮನೆಯ ವರೆಗೆ ಹೊತ್ತೆವು. ಮೂರನೆಯ ಬೇಸಗೆಯಲ್ಲಿ ಸಾಬೂನು ನೊರೆ ಬಂತು, ಬೇಳೆ ಬೆಂದಿತು. ಪೂರ್ವದ ರುಚಿಯು ಇನ್ನೂ ಪೂರ್ತಿಯಾಗಿ ಬಂದಿಲ್ಲವೆಂದು ಆಕೆಯು ಹೇಳುತ್ತಾಳೆ, ಆಕೆಯ ನಾಲಗೆಯನ್ನು ನಾವು ನಂಬುತ್ತೇವೆ. ಕಳೆದ ಬೇಸಗೆಯಲ್ಲಿ ಬಸಳೆಯ ಒಂದು ಕಟ್ಟು ಮತ್ತೆ ನಮ್ಮ ಜಗಲಿಗೆ ಬಂತು.

ವಾಚಕರೇ, ನಿಮ್ಮ ಊರು ಕಡಲಿಗೆ ದೂರವಾಗಿರಬಹುದು, ನಿಮ್ಮ ಮನೆಗೆ ಬಂದ ಯಂತ್ರವು ಬೇರೆಯಾಗಿರಬಹುದು. ಯಾವದೇ ಆಗಲಿ, ಅದು ನಿಮ್ಮ ಕೈಯಿಂದ ಯಾವ ಕಷ್ಟವನ್ನು ತೆಗೆದುಕೊಂಡಿತೆಂದು ನೋಡುವಾಗ, ಅದರ ಜೊತೆಗೆ ಯಾವ ಅಳತೆಯನ್ನು ತೆಗೆದುಕೊಂಡಿತೆಂದೂ ನೋಡಿರಿ. ಆಮೇಲೆ ಇಳಿಜಾರಿನಲ್ಲಿ ನಿಮ್ಮ ಕೆಳಗಿರುವವರ ಮನೆಗೆ ಹೋಗಿ, ಅವರ ಬಾವಿಯ ನೀರನ್ನು ಒಂದು ಗುಟುಕು ಕೇಳಿ ಕುಡಿಯಿರಿ.

ಕೂಟದಲ್ಲಿ ವಿಚಾರಿಸತಕ್ಕ ಪ್ರಶ್ನೆಗಳು

೧. ನಿಮ್ಮ ಮನೆಯಲ್ಲಿ ದಿನಕ್ಕೆ ಎಷ್ಟು ಕೊಡಪಾನ ನೀರು ಖರ್ಚಾಗುತ್ತದೆ? ಊಹಿಸದೆ, ಒಂದು ದಿನ ಅಳೆದು ಹೇಳಿರಿ.

೨. ಬಾವಿಯ ನೀರು ಉಪ್ಪಾಗುತ್ತಿದೆಯೆಂದು ತಿಳಿಯುವ ಗುರುತುಗಳು ಯಾವವು?

೩. ಮೇಲಿನ ಬಾವಿಯವನು ಮಾಡಿದ್ದರ ಫಲವು ಕೆಳಗಿನ ಬಾವಿಯವಳಿಗೆ ಬರುವದು ಹೇಗೆ? ನಿಮ್ಮ ಮಾತುಗಳಲ್ಲಿ ವಿವರಿಸಿರಿ.

೪. ನಿಮ್ಮ ಮನೆಯ ಮಾಡು ಎಷ್ಟು ಚದರ ಮೀಟರು? ಒಂದು ಮಳೆಗಾಲದಲ್ಲಿ ಅದರ ಮೇಲೆ ಎಷ್ಟು ಲೀಟರು ಬೀಳುವದು? ಅದು ಈಗ ಎಲ್ಲಿಗೆ ಹೋಗುತ್ತದೆ?

೫. ಕಳೆದ ಐದು ವರುಷಗಳಲ್ಲಿ ನೀವು ಕೊಂಡ ಒಂದು ವಸ್ತುವನ್ನು ಹೇಳಿರಿ. ಅದು ಯಾರ ಶ್ರಮವನ್ನು ಕಡಿಮೆಮಾಡಿತು? ಅದರಿಂದ ಮತ್ತೇನನ್ನು ಕೊಳ್ಳಬೇಕಾಯಿತು? ಅದರ ಉಪ್ಪು ಯಾರ ನಾಲಗೆಗೆ ತಾಗಿತು?